ಮೂರು ಕೊರಳಿನ ಸಾಲು

ಕಂಸಾಳೆ ಕಥೆಗೆ ಮೂರು ಜನ ಇದ್ದರೆ ಸಾಕು. ಕಥೆ ಎತ್ತಿಕೊಂಡು ಹೋಗುವವನು ಒಬ್ಬ, ಹಿಮ್ಮೇಳಕ್ಕೆ ಇಬ್ಬರು. ಕಥೆಗಾರನ ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಈ ಜೋಡಿಯೇ ಕಂಸಾಳೆ. ಹಿಮ್ಮೇಳದಲ್ಲಿ ಒಬ್ಬನಿಗೆ ಚರ್ಮ ಬಿಗಿದ ದಮ್ಮಡಿ, ಇನ್ನೊಬ್ಬನಿಗೆ ಒಂಟಿ ತಂತಿಯ ಏಕತಾರಿ. ನಮ್ಮ ಮೇಳವೂ ಹೀಗೇ ಇತ್ತು. ಏಕತಾರಿ ನನ್ನದು. ಕಥೆಗಾರ ನಮ್ಮಿಬ್ಬರಿಗಿಂತ ನಾಲ್ಕೈದು ವರ್ಷ ದೊಡ್ಡವನು. ಅವನ ತಾತ, ಅಪ್ಪ ಎಲ್ಲರೂ ದೇವರಗುಡ್ಡರು. ಮಾದಪ್ಪನ, ಅಂದರೆ ಮಲೆ ಮಾದೇಶ್ವರನ, ಹೆಸರಲ್ಲಿ ಜೋಳಿಗೆ, ಬೆತ್ತ ಹಿಡಿದವರು. ನಾವಿಬ್ಬರು ಅವರ ಮನೆಯ ಜಗಲಿಯಲ್ಲಿ ಕೂತು ಕೇಳಿ ಕೇಳಿ ಕಲಿತವರು. ಊರಲ್ಲಿ ನಮ್ಮನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಕಡಿಮೆ. ಕಥೆಗಾರ, ದಮ್ಮಡಿ, ಏಕತಾರಿ, ಅಷ್ಟೇ. ಇಲ್ಲೂ ಹಾಗೇ ಕರೆಯುತ್ತೇನೆ.

ಮಲೆ ಮಾದೇಶ್ವರನ ಕಾವ್ಯ ಕೇಳದವರಿಗೆ ಒಂದು ಮಾತು. ಇದು ಒಂದೇ ಕಥೆಯಲ್ಲ. ಒಂದಕ್ಕೊಂದು ಕೂಡಿಕೊಂಡ ಹಲವು ಕಥೆಗಳು. ಒಂದೊಂದನ್ನೂ ಸಾಲು ಅಂತಾರೆ. ಶ್ರವಣ ದೊರೆಯ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು, ಸಂಕಮ್ಮನ ಸಾಲು. ಹರಕೆ ಹೊತ್ತ ಮನೆಯವರು ಕಥೆ ಮಾಡಿಸುತ್ತಿದ್ದರು. ರಾತ್ರಿ ಊಟ ಆದಮೇಲೆ ಅಂಗಳದಲ್ಲಿ ಕಂಬಳಿ ಹಾಸಿ, ದೀಪ ಹಚ್ಚಿ ಕೂತರೆ ಕೋಳಿ ಕೂಗುವ ತನಕ. ಕಥೆಗಾರ ಒಂದು ನುಡಿ ಹೇಳಿ ಬಿಟ್ಟರೆ ನಾವು ಸೊಲ್ಲು, ಅಂದರೆ ಪಲ್ಲವಿ, ಹಿಡಿಯಬೇಕು. ಅವನು ಹಾಡು ಬಿಟ್ಟು ಮಾತಿಗೆ ಇಳಿದರೆ ನಾವು "ಹೌದಪ್ಪಾ" ಅಂತ ಹೂಂಗುಟ್ಟಬೇಕು. ಅವನು ಉಸಿರು ತೆಗೆದುಕೊಳ್ಳುವುದು ನಮ್ಮ ಸೊಲ್ಲಿನಲ್ಲಿ. ಮುಂದಿನ ನುಡಿಯನ್ನು ನೆನಪು ಮಾಡಿಕೊಳ್ಳುವುದೂ ನಮ್ಮ ಸೊಲ್ಲಿನಲ್ಲೇ.

ಆಗ ಚಾಮರಾಜನಗರ ಇನ್ನೂ ಬೇರೆ ಜಿಲ್ಲೆ ಆಗಿರಲಿಲ್ಲ. ಅದು ಆಗಿದ್ದು 1997ರಲ್ಲಿ. ನಂಜನಗೂಡು, ಕೊಳ್ಳೇಗಾಲ, ತಿರುಮಕೂಡಲು ನರಸೀಪುರದ ಕಡೆಯ ಹಳ್ಳಿಗಳಲ್ಲಿ ನಾವು ಹಾಡದ ಬೀದಿ ಇರಲಿಲ್ಲ ಅಂತ ಹೇಳಿದರೆ ಸ್ವಲ್ಪ ಜಾಸ್ತಿ ಆದೀತು. ಆದರೆ ಸುಗ್ಗಿ ಕಳೆದ ಮೇಲೆ ನಮಗೆ ಮನೆಯಲ್ಲಿ ನಿದ್ದೆ ಇರುತ್ತಿರಲಿಲ್ಲ ಅನ್ನುವುದು ನಿಜ. 1990ರ ಸುಮಾರಿಗೆ ಸಾಕ್ಷರತೆಯ ಜಾಥಾಗಳು ಶುರುವಾದವು. ಮಾದಪ್ಪನ ಧಾಟಿಯಲ್ಲೇ ಅಕ್ಷರ ಕಲಿಯುವ ಹಾಡು ಕಟ್ಟಿ ಹಾಡಿದೆವು. ಅದೂ ನಮಗೆ ಖುಷಿಯ ಕೆಲಸವೇ ಆಗಿತ್ತು.

ಆಮೇಲೆ ಮೇಳ ಒಡೆಯಿತು. ಜಗಳ ಏನೂ ಇಲ್ಲ. ಕಾಡಿನ ಕಡೆ ಆಗ ವೀರಪ್ಪನ್ ಭಯ. 1993ರಲ್ಲಿ ಪಾಲಾರ್ ಹತ್ತಿರ ನೆಲಬಾಂಬ್ ಸಿಡಿದ ಮೇಲಂತೂ ರಾತ್ರಿ ಹೊತ್ತು ಆ ದಾರಿಯಲ್ಲಿ ಹೋಗಲು ನಮಗೆ ಧೈರ್ಯ ಇರಲಿಲ್ಲ. ರಾತ್ರಿ ಓಡಾಟ ಇಲ್ಲದೆ ಕಥೆ ಎಲ್ಲಿ? ದಮ್ಮಡಿ ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ ಹೋದ. ಕಥೆಗಾರ ಗಾರೆ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದ. ನನಗೆ ಮೇಷ್ಟರ ಕೆಲಸ ಸಿಕ್ಕಿತು, ಅದೂ ದೂರದ ರಾಯಚೂರು ಜಿಲ್ಲೆಯಲ್ಲಿ. ಯಾರ ಹತ್ತಿರವೂ ಫೋನ್ ಇಲ್ಲ. ಊರಿಗೆ ಬಂದಾಗ ಒಬ್ಬರಿಗೆ ಒಬ್ಬರು ಸಿಗಲಿಲ್ಲ. ಹೀಗೆ ದಶಕಗಳೇ ಕಳೆದುಹೋದವು.

ನಿವೃತ್ತಿ ಆಗಿ ಊರಿಗೆ ಬಂದ ಮೇಲೆ ಯಾರೋ ನನ್ನನ್ನು ನಮ್ಮ ಕಡೆಯ ಕಲಾವಿದರ ವಾಟ್ಸಾಪ್ ಗುಂಪಿಗೆ ಸೇರಿಸಿದರು. ಕಂಸಾಳೆಯವರು, ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರು, ಗೊರವರು, ಸೋಬಾನೆ ಪದ ಹೇಳುವ ಹೆಂಗಸರು ಎಲ್ಲರೂ ಅಲ್ಲಿ ಇದ್ದಾರೆ. ಆ ಗುಂಪಿನ ಒಂದು ಗುಣ ನನಗೆ ತುಂಬಾ ಇಷ್ಟ. ಅಲ್ಲಿ ಬರೆಯುವವರು ಕಡಿಮೆ. ಹೆಚ್ಚಿನವರು ಓದು ಬರಹ ಜಾಸ್ತಿ ಬಲ್ಲವರಲ್ಲ. ಮೈಕಿನ ಗುರುತು ಒತ್ತಿ ಹಿಡಿದು ಮಾತಾಡುತ್ತಾರೆ, ಹಾಡುತ್ತಾರೆ. ಕೊರಳಿಂದ ಕೊರಳಿಗೆ ಬಂದ ವಿದ್ಯೆಯವರಿಗೆ ಅಕ್ಷರ ಇಲ್ಲದೆ ನಡೆಯುವ ಜಾಗ ಸಿಕ್ಕಿದೆ. ಅರ್ಜಿ ಬರೆಯಲು ಬೇರೆಯವರ ಮುಂದೆ ನಿಲ್ಲಬೇಕಾಗಿದ್ದ ಜನ ಇಲ್ಲಿ ಯಾರ ಹಂಗೂ ಇಲ್ಲದೆ ಮಾತಾಡುತ್ತಾರೆ. ಇದು ಸಣ್ಣ ವಿಷಯ ಅಲ್ಲ.

ಒಂದು ಸಂಜೆ ಗುಂಪಿನಲ್ಲಿ ಹಳೆಯ ಕ್ಯಾಸೆಟ್ಟಿನ ತುಣುಕು ಬಂತು. ಯಾವುದೋ ಹಳ್ಳಿಯ ಕಥೆಯನ್ನು ಒಬ್ಬರು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರಂತೆ. ಅವರ ಮಗ ಅದನ್ನು ಫೋನಿಗೆ ಇಳಿಸಿ ಹಾಕಿದ್ದ. ಟೇಪು ಸ್ವಲ್ಪ ಜೋರಾಗಿ ಓಡಿದ್ದರಿಂದ ಶ್ರುತಿ ಏರಿತ್ತು. ಕಥೆಗಾರನ ಕೊರಳು ಮೊದಲಿಗೆ ಗುರುತೇ ಸಿಗಲಿಲ್ಲ. ಗುರುತು ಸಿಕ್ಕಿದ್ದು ದಮ್ಮಡಿಯದು. ಸೊಲ್ಲು ಬರುವ ಮುಂಚೆ ಅರ್ಧ ಪೆಟ್ಟು ಹೆಚ್ಚಿಗೆ ಹಾಕಿ, "ಹಿಡ್ಕಳ್ಳಿ" ಅನ್ನುವಂತೆ ಎಚ್ಚರಿಸುವ ರೂಢಿ ಅವನಿಗೆ. ಬೇರೆ ಯಾರೂ ಹಾಗೆ ಬಾರಿಸುವುದನ್ನು ನಾನು ಕೇಳಿಲ್ಲ. ನನ್ನ ಮೈ ಜುಮ್ಮೆಂದಿತು. ಮೈಕ್ ಒತ್ತಿ ಹಿಡಿದು ಹೇಳಿದೆ: ಈ ದಮ್ಮಡಿ ಬಾರಿಸಿದವನು ಎಲ್ಲಿದ್ದಾನೆ ಅಂತ ಗೊತ್ತಿದ್ದವರು ಹೇಳಿ.

ಅವನು ಆ ಗುಂಪಿನಲ್ಲೇ ಇದ್ದ. ಮಗ ಸೇರಿಸಿದ್ದನಂತೆ. ದಿನಾ ಕೇಳಿಸಿಕೊಳ್ಳುತ್ತಿದ್ದ, ಮಾತಾಡಿರಲಿಲ್ಲ. ರಾತ್ರಿ ಅವನ ಧ್ವನಿ ಬಂತು: "ಏನ್ಲಾ ಏಕತಾರಿ, ಇಷ್ಟ್ ದಿನ ಎಲ್ಲೋಗಿದ್ದೆ? ತಂತಿ ಹರ್ದೋಗಿತ್ತಾ?" ನಾನು ಉತ್ತರ ಕೊಡಲು ಎಷ್ಟೋ ಸಲ ಮೈಕ್ ಒತ್ತಿ ಬಿಟ್ಟೆ. ಗಂಟಲು ಕಟ್ಟಿಬಿಟ್ಟಿತ್ತು.

ಕಥೆಗಾರನನ್ನು ಹುಡುಕಲು ಗುಂಪಿನವರೇ ನಿಂತರು. ಒಬ್ಬರು ಇನ್ನೊಬ್ಬರನ್ನು ಕೇಳಿ, ಅವರು ಮತ್ತೊಬ್ಬರನ್ನು ಕೇಳಿ, ಕೊನೆಗೆ ಅವನ ಮಗಳ ನಂಬರು ಸಿಕ್ಕಿತು. ಗಾರೆ ಕೆಲಸಕ್ಕೆ ಮೈ ಬಗ್ಗದೆ ಹೋದ ಮೇಲೆ ಅವನು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾವಲು ಕೆಲಸಕ್ಕೆ ಸೇರಿದ್ದ. ಕಂಸಾಳೆ ಜೊತೆಯಲ್ಲೇ ಇತ್ತು, ಟ್ರಂಕಿನಲ್ಲಿ. ಸೋಮವಾರ ಸೋಮವಾರ ಹೊರಗೆ ತೆಗೆದು ವಿಭೂತಿ ಹಚ್ಚಿ ಪೂಜೆ ಮಾಡಿ ಮತ್ತೆ ಒಳಗಿಡುತ್ತಿದ್ದನಂತೆ. ಅಲ್ಲಿ ಸದ್ದು ಮಾಡುವ ಹಾಗಿರಲಿಲ್ಲ. ಕಂಚು ಕೈಯಲ್ಲಿದ್ದೂ ಬಾರಿಸದೆ ಬದುಕುವುದು ಎಂಥ ಕಷ್ಟ ಅನ್ನುವುದು ಅದನ್ನು ಹಿಡಿದವರಿಗೆ ಗೊತ್ತು. ಮಗಳು ಫೋನ್ ಕೊಟ್ಟಾಗ ಅವನು ಹೇಗಿದ್ದೀಯಾ ಅಂತ ಕೇಳಲಿಲ್ಲ. ಮಾದಪ್ಪನ ಪಾದಕ್ಕೆ ಶರಣು ಹೇಳುವ ಮೊದಲ ನುಡಿಯನ್ನು ಎತ್ತಿ, ಅರ್ಧಕ್ಕೆ ಬಿಟ್ಟು ಕಾದ. ನಾನು ಸೊಲ್ಲು ಹಿಡಿದೆ. ಆಮೇಲೆ ಇಬ್ಬರೂ ಅತ್ತೆವು.

ಅಲ್ಲಿಂದ ದಿನಾ ಫೋನು. ಮೂವರೂ ವಿಡಿಯೋ ಕರೆಯಲ್ಲಿ ಕೂತು ಹಾಡಲು ನೋಡಿದೆವು. ಆಗಲಿಲ್ಲ. ಒಬ್ಬನ ದನಿ ಇನ್ನೊಬ್ಬನಿಗೆ ಮುಟ್ಟುವುದು ಕಣ್ಣು ಮಿಟುಕಿಸುವಷ್ಟು ತಡ. ಮಾತಿಗೆ ಅದು ತಿಳಿಯುವುದಿಲ್ಲ. ತಾಳಕ್ಕೆ ಅಷ್ಟೇ ಸಾಕು ಕೆಡಲು. ಕಥೆಗಾರನ ಪೆಟ್ಟು ನನಗೆ ತಡವಾಗಿ ಬರುತ್ತದೆ, ಅದಕ್ಕೆ ನಾನು ಕೊಟ್ಟ ಸೊಲ್ಲು ಅವನಿಗೆ ಇನ್ನೂ ತಡವಾಗಿ ಹೋಗುತ್ತದೆ. ಒಬ್ಬರಿಗೊಬ್ಬರು ಕಾಯುತ್ತಾ ಕಾಯುತ್ತಾ ಲಯ ಎಳೆದು ಎಳೆದು ನಿಂತೇ ಹೋಗುತ್ತಿತ್ತು. ಇನ್ನೊಂದು ತೊಂದರೆ: ಕಂಸಾಳೆಯೇ ಕೇಳಿಸುತ್ತಿರಲಿಲ್ಲ. ಮೊದಲ ಪೆಟ್ಟು ಬಂದು ಗುಂಯ್ ಅನ್ನುವಷ್ಟರಲ್ಲಿ ಯಾರೋ ಕೈಯಿಟ್ಟು ಮುಚ್ಚಿದ ಹಾಗೆ ಆಗುತ್ತಿತ್ತು. ದಮ್ಮಡಿಯ ಮಗ ಬಿಡಿಸಿ ಹೇಳಿದ. ಫೋನು ಮನುಷ್ಯರ ಮಾತನ್ನು ಉಳಿಸಿಕೊಂಡು, ಉಳಿದ ಸದ್ದನ್ನು ಗಲಾಟೆ ಅಂತ ತಿಳಿದು ತೆಗೆದುಹಾಕುತ್ತದಂತೆ.

ಹಾಗಾಗಿ ಕರೆ ಬಿಟ್ಟು ಧ್ವನಿ ತುಣುಕು ಕಳಿಸುವುದಕ್ಕೆ ಶುರು ಮಾಡಿದೆವು. ಸಂಕಮ್ಮನ ಸಾಲನ್ನು ಮತ್ತೆ ಕೂಡಿಸಬೇಕು ಅಂತ ಕಥೆಗಾರನ ಆಸೆ. ಮಲೆಗೆ ಹೊರಟ ಗಂಡ ನೀಲೇಗೌಡ ಹೆಂಡತಿಯ ಮೇಲೆ ಅನುಮಾನಪಟ್ಟು ಆಣೆ ಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಅವನು ಹಿಂಸೆ ಕೊಡುತ್ತಾನೆ. ಮಾದಪ್ಪ ಬಂದು ಅವಳನ್ನು ಕಾಯುತ್ತಾನೆ, ಮಕ್ಕಳ ಭಾಗ್ಯ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ. ಕಥೆ ಮೂವರಿಗೂ ಗೊತ್ತು. ನುಡಿ ಮಾತ್ರ ಯಾರಲ್ಲೂ ಪೂರ್ತಿ ಉಳಿದಿರಲಿಲ್ಲ. ಸಂಕಮ್ಮ ಗಂಡನಿಗೆ ಎದುರು ಹೇಳುವ ಭಾಗ ಕಥೆಗಾರನಿಗೆ ಚೂರು ಚೂರಾಗಿ ಮರೆತಿತ್ತು. ಆದರೆ ನೀಲೇಗೌಡನ ಮಾತೆಲ್ಲ ದಮ್ಮಡಿಗೆ ನೆನಪಿತ್ತು. ಅವನು ಯಾವತ್ತೂ ಕಥೆ ಹೇಳಿದವನಲ್ಲ. ಗಂಡ ಸಿಟ್ಟಾಗುವ ಜಾಗದಲ್ಲಿ ಪೆಟ್ಟು ಬದಲಾಗಬೇಕು, ಅದಕ್ಕೋಸ್ಕರ ಅಷ್ಟನ್ನೂ ಕಿವಿಯಲ್ಲಿ ಇಟ್ಟುಕೊಂಡಿದ್ದ. ನನಗೆ ಸೊಲ್ಲು ಎಲ್ಲೆಲ್ಲಿ ತಿರುಗುತ್ತದೆ ಅನ್ನುವುದು ನೆನಪಿತ್ತು. ಆ ತಿರುವುಗಳನ್ನು ಹಿಡಿದು ಯಾವುದಾದ ಮೇಲೆ ಯಾವುದು ಅಂತ ಹೇಳುತ್ತಾ ಹೋದೆ. ಅಲ್ಲಿಯವರೆಗೆ ಕಥೆ ಕಥೆಗಾರನದು ಅಂತಲೇ ನಾವು ಮೂವರೂ ನಂಬಿದ್ದೆವು. ಅದು ಮೂರು ಮನೆಗಳಲ್ಲಿ ಹಂಚಿಹೋಗಿತ್ತು.

ದಮ್ಮಡಿ ಈಗ ಹನೂರಿನ ಕಡೆ ಹೆಂಡತಿಯ ಊರಿನಲ್ಲಿ ಜಮೀನು ನೋಡಿಕೊಂಡಿದ್ದಾನೆ. ಅಲ್ಲೇ ಸೇರೋಣ ಅಂತಾಯಿತು. ಮಾದಪ್ಪನ ಬೆಟ್ಟದ ಜಾತ್ರೆಗಳಿಗೆ ಆ ರಸ್ತೆಯಲ್ಲಿ ಜನ ಜಾಸ್ತಿ. ಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆ, ದೀಪಾವಳಿ ಎಲ್ಲ ಬಿಟ್ಟು ಸುಮ್ನೆ ಒಂದು ದಿನ ಆರಿಸಿದೆವು. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಕಥೆಗಾರ ಇಳಿದ. ಕೂದಲು ಪೂರ್ತಿ ಬೆಳ್ಳಗೆ, ಮುಂದಿನ ಹಲ್ಲು ಇಲ್ಲ, ಮಂಡಿ ಹಿಡಿದುಕೊಂಡು ನಡೆಯುತ್ತಾನೆ. ಕೊರಳಲ್ಲಿ ರುದ್ರಾಕ್ಷಿ. ಚೀಲದಲ್ಲಿ ಬಟ್ಟೆಗಿಂತ ಮೇಲೆ ಕಂಸಾಳೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದ, ಹೊಸದರಂತೆ ಹೊಳೆಯುತ್ತಿತ್ತು.

ದಮ್ಮಡಿಯ ಮನೆಯಲ್ಲಿ ಮುದ್ದೆ, ಉಪ್ಪೆಸರು. ಊಟ ಆದಮೇಲೆ ಮಾತು ಮುಗಿಯಲೇ ಇಲ್ಲ. ಯಾರು ಹೋದರು, ಯಾರ ಮಕ್ಕಳು ಎಲ್ಲಿದ್ದಾರೆ. ಕಥೆ ಕಲಿಸಿದ ಹಿರಿಯರನ್ನು ನೆನೆದು ಕಥೆಗಾರ ಸುಮಾರು ಹೊತ್ತು ಮೌನವಾಗಿ ಕೂತ. ಸಂಜೆ ದೀಪ ಹಚ್ಚಿದ ಮೇಲೆ ಕಂಬಳಿ ಹಾಸಿ ಕೂತೆವು.

ಮೊದಲ ಪೆಟ್ಟು ಬಿತ್ತು. ಫೋನಿನಲ್ಲಿ ಸಿಗದೆ ಹೋಗಿದ್ದು ಇದೇ. ಬಟ್ಟಲಿನ ಒಳಗಿಂದ ಹೊರಟ ನಾದ ಸುತ್ತಿ ಸುತ್ತಿ ಇಳಿಯುತ್ತದೆ. ಅದು ಪೂರ್ತಿ ಇಳಿಯುವ ಮೊದಲು ಮುಂದಿನ ಪೆಟ್ಟು ಬರುತ್ತದೆ. ಆ ಎರಡರ ನಡುವಿನ ಜಾಗದಲ್ಲಿ ದಮ್ಮಡಿ ಕೂರಬೇಕು. ಕೂತಿತು. ಶ್ರುತಿ ನಾವು ಹಿಂದೆ ಹಾಡುತ್ತಿದ್ದುದಕ್ಕಿಂತ ತುಂಬಾ ಕೆಳಗೆ. ಹಲ್ಲಿಲ್ಲದ ಕಥೆಗಾರನ ಸಕಾರಗಳು ಜಾರುತ್ತಿದ್ದವು. ಆದರೂ ಸೊಲ್ಲಿಗೆ ಮುಂಚಿನ ಆ ಅರ್ಧ ಪೆಟ್ಟು ಬಂದ ಕೂಡಲೇ ನನ್ನ ಕೊರಳು ನನ್ನನ್ನು ಕೇಳದೆ ಎದ್ದಿತು. ಯಾರು ಯಾರಿಗೂ ಕಾಯಬೇಕಾಗಿರಲಿಲ್ಲ.

ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಂದು ಕೂತರು. ಸಂಕಮ್ಮ ಗಂಡನಿಗೆ ಉತ್ತರ ಕೊಡುವ ಜಾಗ ಬಂತು. ನಾವು ಮೂವರೂ ಕೂಡಿಸಿದ್ದು ಅಷ್ಟೇ ಅಂತ ಕಥೆಗಾರ ಮುಂದೆ ಹೋಗಿಬಿಟ್ಟ. ಗೋಡೆಗೆ ಒರಗಿದ್ದ ಒಬ್ಬ ಅಜ್ಜಿ ಕೈ ಎತ್ತಿ ತಡೆದರು. "ನಿಲ್ಲಿ ಸ್ವಾಮಿ. ಅಲ್ಲಿ ಅವ್ಳು ಇನ್ನೂ ಹೇಳ್ತಾಳೆ. ಅಷ್ಟ್ಕೇ ಸುಮ್ನಾಗಕ್ಕಿಲ್ಲ." ಆಮೇಲೆ ಅವರೇ ಆ ನುಡಿಗಳನ್ನು ನಿಧಾನವಾಗಿ, ಹಾಡಲ್ಲ, ಮಾತಿನಂತೆ ಹೇಳಿದರು. ಹುಡುಗಿಯಾಗಿದ್ದಾಗ ಅಂಗಳಗಳಲ್ಲಿ ಕೂತು ಕೇಳಿದ್ದಂತೆ. ಕಥೆಗಾರ ಅವರಿಗೆ ಕೈಮುಗಿದು, ಹಿಂದಕ್ಕೆ ಹೋಗಿ, ಆ ನುಡಿಗಳನ್ನು ಸೇರಿಸಿ ಮತ್ತೆ ಎತ್ತಿದ.

ನನಗೆ ಆ ರಾತ್ರಿಯಿಂದ ಇದೇ ಯೋಚನೆ. ಪಿ.ಕೆ. ರಾಜಶೇಖರ ಅವರಂಥವರು ಹಳ್ಳಿ ಸುತ್ತಿ ಮಾದಪ್ಪನ ಕಾವ್ಯ ಸಂಗ್ರಹಿಸಿ ಅಚ್ಚು ಹಾಕಿಸಿದರು. ಅದು ದೊಡ್ಡ ಉಪಕಾರ. ಕಂಸಾಳೆ ಬೀಸುತ್ತಾ ಕುಣಿಯುವ ಬೀಸು ಕಂಸಾಳೆಯನ್ನು ಇವತ್ತು ಕಾಲೇಜಿನ ಮಕ್ಕಳೂ ಕಲಿಯುತ್ತಾರೆ. ವೇದಿಕೆಯ ಮೇಲೆ ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಬೀಸುವುದನ್ನು ನೋಡಿದರೆ ನನ್ನ ಎದೆ ಉಬ್ಬುತ್ತದೆ. ಆದರೆ ವೇದಿಕೆಯಲ್ಲಿ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಕುಣಿತ ಉಳಿಯುತ್ತದೆ, ಸಂಕಮ್ಮ ಉಳಿಯುವುದಿಲ್ಲ. ಅವಳು ಉಳಿಯಬೇಕಾದರೆ ರಾತ್ರಿ ಕೂತು ಕೇಳುವವರು ಬೇಕು, ತಪ್ಪಿದರೆ ಕೈ ಎತ್ತುವ ಆ ಅಜ್ಜಿಯಂಥವರು ಬೇಕು. ಹಾಡುವವರನ್ನು ಹುಡುಕಲು ನಮಗೆ ಫೋನು ಸಿಕ್ಕಿತು. ಕೇಳುವವರನ್ನೂ ಹೀಗೇ ಹುಡುಕಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಅವರೂ ಕಲಾವಿದರೇ ಅಲ್ವಾ?

ಅಂದಿನ ಹಾಡನ್ನು ದಮ್ಮಡಿಯ ಮಗ ಫೋನನ್ನು ದೂರದ ಕಿಟಕಿಯಲ್ಲಿಟ್ಟು ರೆಕಾರ್ಡ್ ಮಾಡಿದ್ದ. ಈ ಸಲ ಕಂಸಾಳೆ ಪೂರ್ತಿ ಕೇಳಿಸಿತು. ಗುಂಪಿಗೆ ಹಾಕಿದ ಮೇಲೆ ಮಳವಳ್ಳಿ ಕಡೆಯ ಒಬ್ಬರು ತಮ್ಮ ಹಳೆಯ ಜೊತೆಗಾರನ ಗುರುತು ಹೇಳಿ, ಅವನನ್ನೂ ಹುಡುಕಿಕೊಡಿ ಅಂತ ಕೇಳಿದ್ದಾರೆ. ಹುಡುಕಾಟ ನಡೆದಿದೆ. ಅಜ್ಜಿಯನ್ನೂ ಅವರ ಮೊಮ್ಮಗಳ ಫೋನಿನಿಂದ ಗುಂಪಿಗೆ ಸೇರಿಸಿದ್ದೇವೆ. ಅವರು ಸೋಬಾನೆ ಪದಗಳನ್ನು ಕಳಿಸುತ್ತಾರೆ, ಕಂಸಾಳೆಯವರು ಹಾಕುವ ಕಥೆಗಳಲ್ಲಿ ಬಿಟ್ಟುಹೋದ ನುಡಿಗಳನ್ನು ಹೇಳುತ್ತಾರೆ. ಕಥೆಗಾರ ಕಾವಲು ಕೆಲಸಕ್ಕೆ ವಾಪಸ್ ಹೋಗಿದ್ದಾನೆ, ಸುಗ್ಗಿ ಕಳೆಯುವ ಹೊತ್ತಿಗೆ ರಜೆ ಕೇಳಿದ್ದಾನೆ. ಮುಂದಿನ ಸಲ ನಮ್ಮ ಮನೆಯಲ್ಲಿ, ಜುಂಜೇಗೌಡನ ಸಾಲು. ಅಜ್ಜಿ ಬರುತ್ತೇನೆ ಅಂದಿದ್ದಾರೆ. ದಮ್ಮಡಿಗೆ ಹೊಸ ಚರ್ಮ ಹಾಕಿಸಬೇಕು.