ಒಂದು ಭಾನುವಾರ, ಆರು ಮೆಟಾಲಿಕಾ ಆಲ್ಬಮ್‌ಗಳು

‘ಮೆಟಾಲಿಕಾ ಕೆಟ್ಟುಹೋಯ್ತು’ ಎಂದು ಈ ಅಮೆರಿಕನ್ ಹೆವಿ ಮೆಟಲ್ ಬ್ಯಾಂಡ್ ಬಗ್ಗೆ ಅಭಿಮಾನಿಗಳಾಡುವ ಮಾತಿಗೆ ನಲವತ್ತು ವರ್ಷ ದಾಟಿದೆ. 1984ರಲ್ಲಿ ಅಕೌಸ್ಟಿಕ್ ಗಿಟಾರಿನಿಂದ ಶುರುವಾಗುವ ಫೇಡ್ ಟು ಬ್ಲ್ಯಾಕ್ ಬಂದಾಗಲೇ ‘ಮಾರಿಕೊಂಡುಬಿಟ್ಟರು’ ಎಂದು ಸಿಟ್ಟಾದವರಿದ್ದರು. 1989ರಲ್ಲಿ ಮೊದಲ ಸಲ ವಿಡಿಯೊ ಮಾಡಿದಾಗ ಮತ್ತೆ ಅದೇ ಮಾತು. 1991ರ ಬ್ಲ್ಯಾಕ್ ಆಲ್ಬಮ್‌ಗೆ ಅದೇ, 1996ರಲ್ಲಿ ಕೂದಲು ಕತ್ತರಿಸಿಕೊಂಡು ಲೋಡ್ ತಂದಾಗಂತೂ ಕೇಳಲೇಬೇಡಿ. ಆದರೆ ‘ಸೌಂಡ್ ಬದಲಾಯ್ತು’ ಎನ್ನುವಾಗ ಹಾಡು ಕಟ್ಟಿದ ರೀತಿ ಬದಲಾಗಿದೆಯೋ, ವಾದ್ಯದ ನಾದವೋ, ಅಥವಾ ಹಾಡು ಸಿಡಿಗೆ ಹೋಗುವ ಮುನ್ನ ನಡೆಯುವ ಕೊನೆಯ ಕೆಲಸ, ಅಂದರೆ ಮಾಸ್ಟರಿಂಗೋ? ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕಿ ಜಗಳವಾಡುತ್ತಾ ಬಂದಿದ್ದೇವೆ. ಮೂರನ್ನೂ ಬಿಡಿಸಿ ಕೇಳಬೇಕೆಂದು ಐದು ಜನ ಒಂದು ಭಾನುವಾರ ಕೂತೆವು. ಇಬ್ಬರ ಪಾಲಿಗೆ ಮೆಟಾಲಿಕಾ 1988ಕ್ಕೇ ಮುಗಿದಿತ್ತು, ಇಬ್ಬರು ಬ್ಲ್ಯಾಕ್ ಆಲ್ಬಮ್‌ನಿಂದ ಒಳಗೆ ಬಂದವರು, ಒಬ್ಬ ಸೇಂಟ್ ಆ್ಯಂಗರ್‌ನಿಂದ.

ಮಾಸ್ಟರ್ ಆಫ್ ಪಪೆಟ್ಸ್ (1986), ಆ್ಯಂಡ್ ಜಸ್ಟಿಸ್ ಫಾರ್ ಆಲ್ (1988, ನಮಗೆ ಬರೀ ‘ಜಸ್ಟಿಸ್’), ಬ್ಲ್ಯಾಕ್ ಆಲ್ಬಮ್, ಲೋಡ್, ಸೇಂಟ್ ಆ್ಯಂಗರ್ (2003), ಡೆತ್ ಮ್ಯಾಗ್ನೆಟಿಕ್ (2008): ಆರು ಆಲ್ಬಮ್ ಸೇರಿ ಸುಮಾರು 6 ಗಂಟೆ 50 ನಿಮಿಷ. ಬೆಳಿಗ್ಗೆ 9ಕ್ಕೆ ಶುರು ಮಾಡಿದರೆ, ಊಟಕ್ಕೂ ವಾದಕ್ಕೂ ಬಿಡುವು ಸೇರಿಸಿ, ಕತ್ತಲಾಗುತ್ತದೆ.

ಮೊದಲ ಕೆಲಸ ವಾಲ್ಯೂಮ್ ಸಮ ಮಾಡಿಕೊಳ್ಳುವುದು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಆ್ಯಂಪ್‌ನ ನಾಬ್ ಒಂದೇ ಕಡೆ ಇಟ್ಟು 1986ರ ಸಿಡಿಯನ್ನೂ 2008ರ ಸಿಡಿಯನ್ನೂ ಹಾಕಿದರೆ ಎರಡನೆಯದು ಎಷ್ಟೋ ಪಾಲು ಜೋರಾಗಿ ಹೊಡೆಯುತ್ತದೆ. ಮೊದಲ ಅರ್ಧ ನಿಮಿಷ ಕಿವಿಗೆ ಜೋರಾಗಿರುವುದೇ ಚೆನ್ನ ಅನ್ನಿಸುತ್ತದೆ, ಹತ್ತು ನಿಮಿಷಕ್ಕೆ ಅದೇ ತಲೆನೋವು. ನಾವು ಎಲ್ಲ ಸಿಡಿಗಳನ್ನೂ ವೇವ್ ಫೈಲ್ ಮಾಡಿಕೊಂಡು, ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಲೌಡ್‌ನೆಸ್ ನಾರ್ಮಲೈಸೇಷನ್ ಅನ್ನುವ ಎಫೆಕ್ಟ್ ಕೊಟ್ಟು, ಎಲ್ಲವನ್ನೂ ಮೈನಸ್ 23 ಎಲ್‌ಯುಎಫ್‌ಎಸ್‌ಗೆ (ಸದ್ದಿನ ಜೋರನ್ನು ಅಳೆಯುವ ಮಾನ) ತಂದೆವು. ಇಷ್ಟು ಕೆಳಗಿಟ್ಟರೆ ಯಾವ ಹಾಡಿನ ತುದಿಯೂ ಹೊಸದಾಗಿ ಕತ್ತರಿಸಿಹೋಗುವುದಿಲ್ಲ. ಜೋರು ಬೇಕಾದರೆ ಆ್ಯಂಪ್ ಏರಿಸಿಕೊಳ್ಳಬಹುದು.

ಇನ್ನೊಂದು ಎಚ್ಚರಿಕೆ. ಸ್ಟ್ರೀಮಿಂಗ್‌ನಲ್ಲಿ ಮಾಸ್ಟರ್ ಆಫ್ ಪಪೆಟ್ಸ್ ಹಾಕಿದರೆ ಸಿಗುವುದು 2017ರ ರೀಮಾಸ್ಟರ್, ಅಂದರೆ ಹೊಸದಾಗಿ ಮಾಸ್ಟರಿಂಗ್ ಮಾಡಿದ ಆವೃತ್ತಿ. ಜಸ್ಟಿಸ್‌ಗೆ 2018, ಬ್ಲ್ಯಾಕ್ ಆಲ್ಬಮ್‌ಗೆ 2021. ‘ಹಳೆಯ ಸೌಂಡ್’ ಎಂದು ಅವನ್ನು ಹೋಲಿಸಿದರೆ ತಪ್ಪು ಉತ್ತರ ಬರುತ್ತದೆ. ಹಳೆಯ ಸಿಡಿಯೇ ಬೇಕು. ಕ್ಯಾಸೆಟ್ ಈ ಕೆಲಸಕ್ಕೆ ಬಾರದು, ಡೆಕ್‌ನ ವೇಗ ಶೇಕಡಾ ಒಂದೆರಡು ಆಚೀಚೆಯಾದರೂ ಶ್ರುತಿ ಜಾರುತ್ತದೆ.

ಮಾಸ್ಟರ್ ಆಫ್ ಪಪೆಟ್ಸ್‌ನಿಂದ ಶುರು. 8 ಹಾಡು, 55 ನಿಮಿಷಕ್ಕೆ ಸ್ವಲ್ಪ ಕಡಿಮೆ. ಇಲ್ಲಿ ಹಾಡಿಗೆ ಆಧಾರವಾಗಿ ನುಡಿಯುವ ರಿದಮ್ ಗಿಟಾರುಗಳನ್ನೆಲ್ಲ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಒಬ್ಬರೇ ನುಡಿಸಿದ್ದಾರೆ, ಒಂದರ ಮೇಲೊಂದು ಪದರವಾಗಿ. ಎಡಗಿವಿ, ಬಲಗಿವಿ ಎರಡರಲ್ಲೂ ಅದೇ ಕೈ, ಅದೇ ಒತ್ತು. ಗೋಡೆಯ ಹಾಗೆ ಕೇಳುವುದು ಅದಕ್ಕೇ. ಈ ಆಲ್ಬಮ್ ಬಗ್ಗೆ ಐವರಲ್ಲಿ ಯಾರಿಗೂ ತಕರಾರಿಲ್ಲ.

ತಕರಾರು ಹುಟ್ಟಿದ್ದು ಜಸ್ಟಿಸ್‌ನಲ್ಲಿ. ಎರಡನೇ ಹಾಡಿನ ಹೊತ್ತಿಗೇ ಸೇಂಟ್ ಆ್ಯಂಗರ್ ಪೀಳಿಗೆಯವನು ಕೇಳಿದ: “ಮಗಾ, ಇದರಲ್ಲಿ ಬೇಸ್ ಎಲ್ಲಿ?” 1986ರ ಸೆಪ್ಟೆಂಬರ್ 27ರಂದು ಸ್ವೀಡನ್‌ನಲ್ಲಿ ಬಸ್ ಉರುಳಿ, ಬೇಸ್ ಗಿಟಾರ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ ತೀರಿಕೊಂಡ ಮೇಲೆ ಜೇಸನ್ ನ್ಯೂಸ್ಟೆಡ್ ಬಂದು ನುಡಿಸಿದ ಮೊದಲ ಪೂರ್ಣ ಆಲ್ಬಮ್ ಇದು. ಬೇಸ್ ಇದೆ, ಎಲ್ಲ ವಾದ್ಯಗಳನ್ನೂ ಬೆರೆಸುವ ಮಿಕ್ಸ್‌ನಲ್ಲಿ ಅದನ್ನು ತಗ್ಗಿಸಿಬಿಟ್ಟಿದ್ದಾರೆ. ಸಾಲದ್ದಕ್ಕೆ ಅದು ಬಹುತೇಕ ಗಿಟಾರಿನ ರಿಫ್ ಅನ್ನೇ (ಮತ್ತೆ ಮತ್ತೆ ಬರುವ ಸ್ವರಗಳ ತುಣುಕು) ಹಿಂಬಾಲಿಸುತ್ತದೆ, ಗಿಟಾರಿನ ಮಧ್ಯದ ಸದ್ದನ್ನು ತೆಗೆದು ಕೆಳಗಿನದನ್ನು ಏರಿಸಿದ್ದಾರೆ. ಬೇಸ್‌ಗೆ ಕೂರಲು ಜಾಗವೇ ಇಲ್ಲ. ಈಕ್ವಲೈಜರ್‌ನಲ್ಲಿ 60ರಿಂದ 120 ಹರ್ಟ್ಸ್ ತನಕ 6 ಡೆಸಿಬೆಲ್ ಏರಿಸಿ ನೋಡಿದೆವು. ಏರಿದ್ದು ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಮತ್ತು ಗಿಟಾರಿನ ಪಾಮ್ ಮ್ಯೂಟ್ (ತಂತಿಯ ಮೇಲೆ ಅಂಗೈ ಒತ್ತಿ ನುಡಿಸಿದ ಸದ್ದು). ಬೇಸ್ ಅಲ್ಲೇ ಉಳಿಯಿತು. 2018ರ ರೀಮಾಸ್ಟರ್‌ನಲ್ಲೂ ಅದು ಯಾಕೆ ಬರಲಿಲ್ಲ ಎಂದು ಬೇಸರಪಡುವವರಿಗೆ ಉತ್ತರ ಇಲ್ಲಿದೆ: ರೀಮಾಸ್ಟರಿಂಗ್ ನಡೆಯುವುದು ಎರಡು ಚಾನೆಲ್‌ಗೆ ಇಳಿದ ಮಿಕ್ಸ್ ಮೇಲೆ. ಸಾರಿನಲ್ಲಿ ಕರಗಿದ ಉಪ್ಪನ್ನು ಬೇರೆ ಮಾಡಿದ ಹಾಗೆ. ಬೇಸ್ ಬೇಕಾದರೆ ಮೂಲ ಟೇಪುಗಳಿಂದ ಮತ್ತೆ ಮಿಕ್ಸ್ ಮಾಡಬೇಕು.

ಹೀಗಾಗಿ ‘1988ರ ತನಕ ಸೌಂಡ್ ಸರಿಯಿತ್ತು’ ಎನ್ನುವ ಮಾತು ಸೌಂಡಿನ ವಿಷಯದಲ್ಲಿ ನಿಲ್ಲುವುದಿಲ್ಲ. ಜಸ್ಟಿಸ್‌ನ ಶ್ರೇಷ್ಠತೆ ಇರುವುದು ರಚನೆಯಲ್ಲಿ.

ಬ್ಲ್ಯಾಕ್ ಆಲ್ಬಮ್‌ನಲ್ಲಿ ಇದು ತಲೆಕೆಳಗು. ನಿರ್ಮಾಪಕ ಬಾಬ್ ರಾಕ್ ನಾಲ್ವರನ್ನೂ ಒಟ್ಟಿಗೆ ನುಡಿಸುವಂತೆ ಮಾಡಿದರು, ಬೇಸ್‌ಗೆ ಅದರದೇ ಜಾಗ ಸಿಕ್ಕಿತು. ವಾದ್ಯದ ನಾದ ಹಿಂದೆಂದೂ ಇಷ್ಟು ಚೆನ್ನಾಗಿರಲಿಲ್ಲ. ಸ್ಯಾಡ್ ಬಟ್ ಟ್ರೂಗೆ ಗಿಟಾರನ್ನು ಒಂದು ಪೂರ್ತಿ ಸ್ವರ ಇಳಿಸಿ ಡಿಗೆ ತಂದಿದ್ದಾರೆ, ಆ ಭಾರ ಅಲ್ಲಿಂದ ಬಂದದ್ದು. ಬದಲಾದದ್ದು ವೇಗ ಮತ್ತು ಅಳತೆ. ಜಸ್ಟಿಸ್‌ನ ಶೀರ್ಷಿಕೆ ಹಾಡು ಹತ್ತು ನಿಮಿಷದ ಹತ್ತಿರ ಹೋಗುತ್ತದೆ, ಇಲ್ಲಿ 12ರಲ್ಲಿ ಒಂದೂ 7 ನಿಮಿಷ ಮುಟ್ಟುವುದಿಲ್ಲ. ಥ್ರ್ಯಾಶ್‌ನ, ಅಂದರೆ ಅತಿ ವೇಗದ ಮೆಟಲ್‌ನ, ಓಟಕ್ಕಾಗಿ ಬಂದವರಿಗೆ ಇದು ನಿಜವಾದ ನಷ್ಟ, ಅವರ ಕೋಪ ನ್ಯಾಯವಾದದ್ದೇ.

ಲೋಡ್ ಹೊತ್ತಿಗೆ ಜಗಳ ಜೋರಾಯಿತು. ಇಲ್ಲಿ ಬಹುತೇಕ ಹಾಡುಗಳು ಅರ್ಧ ಸ್ವರ ಕೆಳಗೆ, ಇ ಫ್ಲ್ಯಾಟ್‌ನಲ್ಲಿ. ವೇದಿಕೆಯಲ್ಲಿ ಹಳೆಯ ಹಾಡುಗಳನ್ನೂ ಹಾಗೇ ನುಡಿಸುತ್ತಾರೆ. ಆಲ್ಬಮ್ ಹಾಕಿಕೊಂಡು ಗಿಟಾರ್ ಕಲಿತವರು ಕಾನ್ಸರ್ಟ್ ವಿಡಿಯೊ ಜತೆ ನುಡಿಸಿದಾಗ ಶ್ರುತಿ ಸೇರದಿರುವುದು ಇದರಿಂದ. ಅರ್ಧ ಸ್ವರವೆಂದರೆ ಕಂಪನದಲ್ಲಿ ಸುಮಾರು ಶೇಕಡಾ 6ರ ಇಳಿಕೆ, ಕ್ಯಾಸೆಟ್ ಡೆಕ್ಕಿನ ತಪ್ಪು ಸಾಮಾನ್ಯವಾಗಿ ಅಷ್ಟಿರುವುದಿಲ್ಲ.

ಲೋಡ್‌ನಲ್ಲಿ ಇನ್ನೊಬ್ಬ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಕೂಡ ರಿದಮ್ ನುಡಿಸಿದ್ದಾರೆ. ಹೆಡ್‌ಫೋನ್ ಹಾಕಿ ಒಂದು ಕಿವಿ ಮುಚ್ಚಿ ಕೇಳಿ, ನಂತರ ಇನ್ನೊಂದನ್ನು. ಎರಡು ಕೈ, ಎರಡು ಸ್ವಭಾವ. ಗೋಡೆ ಹೋಗಿ ಸಂಭಾಷಣೆ ಬಂದಿದೆ. ಬ್ಲೂಸ್ ಬಣ್ಣದ ಈ ಹಾಡುಗಳಿಗೆ ಅದೇ ಬೇಕಿತ್ತು ಎಂಬುದು ನನ್ನ ತೀರ್ಮಾನ. 1988ರವರು ಒಪ್ಪಲಿಲ್ಲ. ಆದರೆ 79 ನಿಮಿಷ ಉದ್ದವಾಯಿತು ಎಂಬುದಕ್ಕೆ ಎಲ್ಲರೂ ತಲೆಯಾಡಿಸಿದೆವು. ಕೊನೆಯ ಹಾಡು ದಿ ಔಟ್‌ಲಾ ಟೋರ್ನ್ ಅನ್ನು ಸಿಡಿಯಲ್ಲಿ ಹಿಡಿಸಲು ಸುಮಾರು ಒಂದು ನಿಮಿಷ ಕತ್ತರಿಸಬೇಕಾಯಿತು. ಇಡೀ ಆಲ್ಬಮ್‌ನಲ್ಲಿ ಕತ್ತರಿಸಬಾರದಿದ್ದ ಹಾಡು ಅದೊಂದೇ!

ಸೇಂಟ್ ಆ್ಯಂಗರ್ ಬಂತೆಂದರೆ ಎಲ್ಲರೂ ಸ್ನೇರ್ ಡ್ರಮ್ ಬಗ್ಗೆಯೇ ಮಾತಾಡುತ್ತಾರೆ. ಸ್ನೇರ್‌ನ ಕೆಳಗಿನ ಚರ್ಮಕ್ಕೆ ತಗುಲಿದಂತೆ ಸುರುಳಿ ತಂತಿಗಳ ಸಾಲು ಇರುತ್ತದೆ. ಪಕ್ಕದ ಸಣ್ಣ ಲಿವರ್ ಎತ್ತಿದರೆ ಅವು ಬಿಗಿಯಾಗಿ ಕೂತು ‘ಛಟ್’ ಅನ್ನುವ ಒಣ ಸದ್ದು ಕೊಡುತ್ತವೆ, ಇಳಿಸಿದರೆ ಡ್ರಮ್ಮಿನ ಕವಚ ಖಾಲಿ ತಗಡಿನ ಡಬ್ಬದಂತೆ ‘ಠಂಯ್’ ಎಂದು ಗುಂಯ್‌ಗುಡುತ್ತದೆ. ಡ್ರಮ್ಮರ್ ಲಾರ್ಸ್ ಉಲ್ರಿಕ್ ಇಳಿಸಿಕೊಂಡೇ ನುಡಿಸಿದರು. ಆ ಗುಂಯ್‌ಗೆ ಒಂದು ಸ್ಥಿರ ಸ್ವರವಿದೆ. ರಿಫ್ ಎಲ್ಲೇ ಹೋಗಲಿ ಅದು ಕದಲುವುದಿಲ್ಲ, ರಿಫ್‌ನ ಜತೆ ಗುದ್ದಾಡುತ್ತದೆ. 75 ನಿಮಿಷ ಕೇಳಿ ಕಿವಿ ದಣಿಯುವುದಕ್ಕೆ ಅದೇ ಕಾರಣ. 2015ರಲ್ಲಿ ಕೆಲವು ಅಭಿಮಾನಿಗಳು ಇಡೀ ಆಲ್ಬಮ್ ಅನ್ನು ತಾವೇ ಮತ್ತೆ ನುಡಿಸಿ ಧ್ವನಿಮುದ್ರಿಸಿದರು. ಅಷ್ಟು ಕೋಪ, ಅಷ್ಟೇ ಪ್ರೀತಿ. ಅದನ್ನೂ ಕೇಳಿದೆವು. ಸ್ನೇರ್ ಸರಿಯಾದ ಮೇಲೂ ಹಾಡುಗಳು ಸುತ್ತಿದಲ್ಲೇ ಸುತ್ತುತ್ತವೆ. ಜ್ಯಾಮ್‌ಗಳ (ಮೊದಲೇ ಬರೆದುಕೊಳ್ಳದೆ ಒಟ್ಟಿಗೆ ನುಡಿಸಿದ್ದರ) ತುಣುಕುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಕಟ್ಟಿದ ಹಾಡುಗಳು, ಒಂದೂ ಗಿಟಾರ್ ಸೋಲೋ ಇಲ್ಲ, ಹೀಗಾಗಿ ಹಾಡಿಗೆ ತಿರುವು ಸಿಗುವುದಿಲ್ಲ. ಇಪ್ಪತ್ತು ವರ್ಷ ಡ್ರಮ್ಮನ್ನು ಬೈದಿದ್ದೇವೆ, ದೊಡ್ಡ ತೊಂದರೆ ರಚನೆಯದು. ಇಷ್ಟಾದರೂ ಆ ಆಲ್ಬಮ್‌ನಿಂದ ಬಂದವನು ಬಿಟ್ಟುಕೊಡಲಿಲ್ಲ. ಅಷ್ಟು ಹಸಿ ಸಿಟ್ಟು ಬೇರೆ ಯಾವುದರಲ್ಲೂ ಇಲ್ಲ ಅಂದ. ಅದು ನಿಜ.

ಕತ್ತಲಾದ ಮೇಲೆ ಡೆತ್ ಮ್ಯಾಗ್ನೆಟಿಕ್. ಸೋಲೋ ಮರಳಿದೆ, ವೇಗ ಮರಳಿದೆ, ಶ್ರುತಿ ಇಗೆ ಏರಿದೆ. ಕೇಳಿದ್ದನ್ನೆಲ್ಲ ಕೊಟ್ಟಿದ್ದಾರೆ, ಆದರೆ ಮಾಸ್ಟರ್ ಹಾಳಾಗಿದೆ. ಆಡಾಸಿಟಿಯಲ್ಲಿ ಮಾಸ್ಟರ್ ಆಫ್ ಪಪೆಟ್ಸ್ ತೆರೆದರೆ ಏರಿಳಿತ ಕಾಣುತ್ತದೆ, ಇದನ್ನು ತೆರೆದರೆ ಇಟ್ಟಿಗೆ. ಹಿಗ್ಗಿಸಿದರೆ ಅಲೆಗಳ ತಲೆ ಚಪ್ಪಟೆ. ಕ್ಲಿಪ್ಪಿಂಗ್, ಅಂದರೆ ಅಲೆಯ ತುದಿ ಕತ್ತರಿಸಿಹೋದದ್ದನ್ನು, ತೋರಿಸುವ ಕೆಂಪು ಗೆರೆಯನ್ನೊಂದೇ ನಂಬಬೇಡಿ. ಮಟ್ಟ ಸ್ವಲ್ಪ ಇಳಿಸಿದ ಫೈಲ್‌ನಲ್ಲಿ ತಲೆ ಚಪ್ಪಟೆಯಿದ್ದರೂ ಗೆರೆ ಬೀಳುವುದಿಲ್ಲ, ಕಣ್ಣಿಂದಲೇ ನೋಡಬೇಕು.

2008ರ ಸೆಪ್ಟೆಂಬರ್‌ನಲ್ಲಿ ಇದನ್ನು ಪತ್ತೆಹಚ್ಚಿದ್ದು ಅಭಿಮಾನಿಗಳೇ. ಅದೇ ಹಾಡುಗಳು ಗಿಟಾರ್ ಹೀರೋ ಎಂಬ ವಿಡಿಯೊ ಆಟಕ್ಕೂ ಬಂದಿದ್ದವು. ಆಟಕ್ಕೆ ಪ್ರತಿ ವಾದ್ಯದ ಟ್ರ್ಯಾಕ್ ಬೇರೆಯಾಗಿ ಬೇಕು, ಹಾಗಾಗಿ ಜೋರು ಮಾಡಲು ಏರಿಳಿತವನ್ನು ಚಪ್ಪಟೆ ಮಾಡುವ ಕೊನೆಯ ಹಿಂಡುವಿಕೆಯ ಮುನ್ನಿನ ಸದ್ದು ಅಲ್ಲಿ ಉಳಿದಿತ್ತು. ಮತ್ತೆ ಮಿಕ್ಸ್ ಮಾಡಿ ಎಂದು ಹತ್ತು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಮಿಕ್ಸ್ ತಮ್ಮ ಕೈಗೆ ಬರುವಾಗಲೇ ಹಿಂಡಿಹೋಗಿತ್ತು ಎಂದು ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ ಒಬ್ಬ ಅಭಿಮಾನಿಗೆ ಬರೆದ ಪತ್ರವೂ ಹೊರಬಿತ್ತು. ಎರಡು ಆವೃತ್ತಿಗಳನ್ನೂ ಒಂದೇ ವಾಲ್ಯೂಮ್‌ಗೆ ತಂದು, ಯಾವುದು ಯಾವುದೆಂದು ಹೇಳದೆ ಕೇಳಿಸಿದಾಗ ಐವರೂ ಆಟದ್ದನ್ನೇ ಆರಿಸಿದೆವು. ಇಡೀ ದಿನದಲ್ಲಿ ನಾವು ಒಮ್ಮತಕ್ಕೆ ಬಂದದ್ದು ಮೂರೇ ಸಲ, ಬೆಳಿಗ್ಗೆ ಮೊದಲ ಆಲ್ಬಮ್‌ಗೆ, ಲೋಡ್‌ನ ಉದ್ದಕ್ಕೆ ಮತ್ತು ಈಗ.

ಅಮೆರಿಕದ ಗಾಯಕ ಲೂ ರೀಡ್ ಜತೆ ಮಾಡಿದ ಲುಲು ಆಲ್ಬಮ್ ಉಳಿಯಿತು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಾಸ್ಟರ್ ಆಫ್ ಪಪೆಟ್ಸ್ ನುಡಿಸಿದ ಬ್ಯಾಂಡ್, ಮಾರನೇ ದಿನವೇ ಆ ಆಲ್ಬಮ್ ಬಿಡುಗಡೆ ಮಾಡಿತ್ತು. 87 ನಿಮಿಷ, ಎರಡು ಸಿಡಿ. ಅದಕ್ಕೆ ಇನ್ನೊಂದು ಭಾನುವಾರ ಬೇಕು, 1988ರವರಿಬ್ಬರೂ ಬರುತ್ತೇವೆ ಅಂದಿದ್ದಾರೆ.