ಸೊಲ್ಯೂಷನ್ ಬಾಟಲಿ ನಂಬಿ ಕೂತಿದ್ದೆ

ನನಗೆ ಎರಡೂ ಕಣ್ಣಿಗೆ ಮೈನಸ್ ನಾಲ್ಕೂವರೆ, ಹಾಕುವುದು ಕಾಂಟ್ಯಾಕ್ಟ್ ಲೆನ್ಸ್. ದಾವಣಗೆರೆ ನಿಟ್ಟುವಳ್ಳಿಯ ನಮ್ಮ ಮನೆಯಲ್ಲಿ ಸಂಜೆ ಹನ್ನೆರಡು ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. 2023ರ ಮಳೆಗಾಲದಲ್ಲಿ ಎಲ್ಲೆಲ್ಲೂ ಮದ್ರಾಸ್ ಐ ಹಬ್ಬಿತ್ತಲ್ಲ, ಆಗ ಒಂದು ಸೋಮವಾರ ಮೂರು ಮಕ್ಕಳು ಕೆಂಪು ಕಣ್ಣು ಮಾಡಿಕೊಂಡು ಬಂದರು. ವಾಪಸ್ ಕಳಿಸಿದೆ. ಅಷ್ಟರಲ್ಲಿ ಒಬ್ಬನ ಪೆನ್ನು ಇಸಕೊಂಡು ಅವನ ಲೆಕ್ಕ ತಿದ್ದಿ ಆಗಿತ್ತು.

ನನಗೇನೂ ಭಯ ಇರಲಿಲ್ಲ. ಲೆನ್ಸ್ ವಿಷಯದಲ್ಲಿ ನಾನು ಮಡಿ ಹೆಂಗಸು. ದಿನಾ ರಾತ್ರಿ ಲೆನ್ಸ್ ನೆನೆಸಿಡಲು ಹೊಸ ಸೊಲ್ಯೂಷನ್, ಆಗಾಗ ಹೊಸ ಡಬ್ಬಿ. ಸೂಕ್ಷ್ಮಾಣು ಸಾಯುತ್ತೆ ಅಂತ ಬಾಟಲಿ ಮೇಲೇ ಇದೆ, ಇನ್ನೇನು ಬೇಕು ಅಲ್ವಾ?

ವಾರ ಕಳೆದು ಎದ್ದರೆ ಎಡಗಣ್ಣಿನ ರೆಪ್ಪೆ ಅಂಟಿಕೊಂಡಿದೆ. ಮಂಡಕ್ಕಿ ಭಟ್ಟಿಯ ಬಿಸಿ ಮರಳು ಕಣ್ಣಿಗೆ ಬಿದ್ದ ಹಾಗೆ ಉರಿ. ಅಮ್ಮ ಹಿತ್ತಲಿಂದ ನಂದಿಬಟ್ಟಲು ಹೂವು ಕಿತ್ತು ತಂದಳು. ಬೇಡ ಅಂದು ಆಟೋ ಹತ್ತಿದೆ.

"ಮೇಡಂ, ದಿನಾ ಸೊಲ್ಯೂಷನ್‌ನಲ್ಲಿ ಇಡ್ತೀನಲ್ಲ?" ಅಂತ ಡಾಕ್ಟರ್ ಹತ್ತಿರ ಜಗಳಕ್ಕೆ ನಿಂತ ಹಾಗೆ ಕೇಳಿದೆ.

"ಅದು ಬ್ಯಾಕ್ಟೀರಿಯಾಕ್ಕಮ್ಮ. ವೈರಸ್‌ಗೂ ಆಗುತ್ತೆ ಅಂತ ಯಾರು ಹೇಳಿದ್ರು?"

ಮನೆಗೆ ಬಂದು ಒಂದೇ ಕಣ್ಣಲ್ಲಿ ಓದಲು ಕೂತೆ. ಈ ಸೊಲ್ಯೂಷನ್‌ಗಳಿಗೆ ಐಎಸ್‌ಒ 14729 ಅಂತ ಒಂದು ಪರೀಕ್ಷೆ ಇದೆ. ಮೂರು ಬ್ಯಾಕ್ಟೀರಿಯಾ, ಎರಡು ಫಂಗಸ್ ಮೇಲೆ ಹಾಕಿ ನೋಡುತ್ತಾರೆ. ವೈರಸ್ ಆ ಪಟ್ಟಿಯಲ್ಲೇ ಇಲ್ಲ! ಸೊಲ್ಯೂಷನ್‌ನ ಮದ್ದು ಕೆಲಸ ಮಾಡುವುದು ಜೀವಕೋಶದ ಪೊರೆ ಹರಿದು. ಕಣ್ಣುಬೇನೆ ತರುವ ಅಡಿನೋವೈರಸ್‌ಗೆ ಅಂಥ ಜಿಡ್ಡಿನ ಪೊರೆಯೇ ಇಲ್ಲ. ಬರೀ ಪ್ರೋಟೀನಿನ ಗಟ್ಟಿ ಚಿಪ್ಪು. ರಾತ್ರಿಯೆಲ್ಲಾ ಅದರಲ್ಲಿ ನೆನೆದರೂ ಹಾಯಾಗಿರಬಹುದು. ಹೈಡ್ರೋಜನ್ ಪೆರಾಕ್ಸೈಡ್ 3% ಇರುವ ಬಾಟಲಿ ಇದಕ್ಕಿಂತ ಖಾರ. ಆದರೆ ಅದರ ಡಬ್ಬಿಯಲ್ಲಿರುವ ಪ್ಲಾಟಿನಂ ಬಿಲ್ಲೆ ಹಾಕಿದ ಕ್ಷಣದಿಂದಲೇ ಪೆರಾಕ್ಸೈಡನ್ನು ಒಡೆಯಲು ಶುರು ಮಾಡುತ್ತದೆ. ಒಡೆಯದಿದ್ದರೆ ಬೆಳಗ್ಗೆ ಕಣ್ಣೇ ಸುಡುತ್ತೆ ಅನ್ನಿ. ಹಾಗಾಗಿ ಅದರ ಖಾರವೂ ಜಾಸ್ತಿ ಹೊತ್ತು ನಿಲ್ಲದು.

ನನಗೆ ನಾಚಿಕೆ ಆಗಿದ್ದು ಬೇರೆ ಕಾರಣಕ್ಕೆ. ಅಂಗೈಯಲ್ಲಿ ಲೆನ್ಸ್ ಇಟ್ಟು, ಸೊಲ್ಯೂಷನ್ ಹಾಕಿ ಬೆರಳಲ್ಲಿ ಉಜ್ಜಿ ತೊಳೆದರೆ ವೈರಸ್ ಸಾಯದಿದ್ದರೂ ಒಂದಷ್ಟು ಕೊಚ್ಚಿ ಹೋಗುತ್ತದೆ. ನಾನು ಉಜ್ಜುತ್ತಲೇ ಇರಲಿಲ್ಲ. ಸುಮ್ನೆ ಡಬ್ಬಿಗೆ ಹಾಕಿ ಮುಚ್ಚುತ್ತಿದ್ದೆ. ಅವಸರದಲ್ಲಿ ಎರಡು ಸಲ ನಲ್ಲಿ ನೀರಲ್ಲೂ ಜಾಲಿಸಿದ್ದೇನೆ, ಸಂಪಿನ ನೀರು! ನೀರಿನಲ್ಲಿರುವ ಅಕಾಂತಮೀಬಾ ಅನ್ನೋ ಸೂಕ್ಷ್ಮಜೀವಿ ಕಣ್ಣಿಗೆ ಹತ್ತಿದರೆ ಮದ್ರಾಸ್ ಐ ಎಷ್ಟೋ ವಾಸಿ. ಇನ್ನು ಆ ಪೆನ್ನು ಹಿಡಿದ ಕೈಯಲ್ಲೇ ಸಂಜೆ ಎಷ್ಟು ಸಲ ಕಣ್ಣು ಉಜ್ಜಿಕೊಂಡೆನೋ. ರಾತ್ರಿ ಲೆನ್ಸ್ ಎಷ್ಟು ತೊಳೆದರೆ ಏನು ಬಂತು?

ಲೆನ್ಸ್, ಡಬ್ಬಿ, ಸೊಲ್ಯೂಷನ್ ಮೂರನ್ನೂ ಬಿಸಾಕಲು ಡಾಕ್ಟರ್ ಹೇಳಿದ್ದರು. "ಅರ್ಧ ಬಾಟ್ಲಿ ಇದೆಯಲ್ಲೇ" ಅಂತ ಅಮ್ಮ ಕಸದ ಬುಟ್ಟಿಯಿಂದ ಎತ್ತಿಟ್ಟಳು. ಅವಳು ಮಲಗಿದ ಮೇಲೆ ಮತ್ತೆ ಎಸೆದೆ.

ಕಣ್ಣು ಪೂರ್ತಿ ತಿಳಿಯಾಗುವ ತನಕ ಹಳೇ ಕನ್ನಡಕವೇ ಗತಿ. ಟ್ಯೂಷನ್ ಮತ್ತೆ ಶುರುವಾದ ದಿನ ಆ ಪೆನ್ನಿನ ಹುಡುಗ ಬಾಗಿಲಲ್ಲೇ ನಿಂತು ನೋಡಿದ.

"ಮಿಸ್, ನೀವು ಸೋಡಾಬುಡ್ಡಿನಾ?"