ಮಲೆನಾಡಿನ ಗ್ರಾಫ್‌ನಲ್ಲಿ ನಿಧಾನ ಭೂಕಂಪ ಕಂಡರೆ ಮೊದಲು ಅಡಿಕೆ ಮರ ನೋಡಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ನೆಲದ ಚಲನೆ ಅಳೆಯುವ ಜಿಪಿಎಸ್ ಸ್ಟೇಷನ್ ನೋಡಿಕೊಳ್ಳಲು ಹೊಸದಾಗಿ ಸೇರಿದವರಿಗೆ ಮೊದಲ ಮಳೆಗಾಲದಲ್ಲೇ ಈ ಅನುಮಾನ ಬರುತ್ತದೆ. ಮೂರು ವಾರದಲ್ಲಿ ಸ್ಟೇಷನ್ ನಾಲ್ಕು ಮಿಲಿಮೀಟರ್ ಸರಿದಿದೆ, ಇದು ನಿಧಾನ ಭೂಕಂಪ, ಅಂದರೆ ಭೂಮಿಯೊಳಗಿನ ಬಿರುಕು ದಿನಗಟ್ಟಲೆ, ವಾರಗಟ್ಟಲೆ ಮೆಲ್ಲಗೆ ಜಾರುವುದು, ಇರಬಹುದೇ? ಇಲ್ಲ. ನಮ್ಮ ಕಾಲಡಿಯ ಬಂಡೆ ಇನ್ನೂರೈವತ್ತು ಕೋಟಿ ವರ್ಷಕ್ಕಿಂತ ಹಳೆಯದು, ಫಲಕಗಳು ಒಂದಕ್ಕೊಂದು ಉಜ್ಜುವ ಅಂಚು ಇಲ್ಲಿಲ್ಲ. ಬೆಂಗಳೂರಿನ ಐಐಎಸ್‌ಸಿ ಸ್ಟೇಷನ್‌ನಂತೆ ನಮ್ಮ ಸ್ಟೇಷನ್‌ಗಳೂ ಇಡೀ ಭಾರತದ ಭೂಫಲಕದ ಜೊತೆ ಈಶಾನ್ಯಕ್ಕೆ ವರ್ಷಕ್ಕೆ ಸುಮಾರು 5.5 ಸೆಂ.ಮೀ. ಹೋಗುತ್ತವೆ. ಆ ಓಟ ಕಳೆದ ಮೇಲೆ ಉಳಿಯುವ ಅಲುಗಾಟವೆಲ್ಲ ಮಳೆಯದ್ದು, ಮರದ್ದು, ಇಲ್ಲವೇ ನಮ್ಮ ಕೈಯದ್ದು. ನಿಧಾನ ಭೂಕಂಪದ ಡೇಟಾ ಓದಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗರಡಿ ಸಿಗಲಿಕ್ಕಿಲ್ಲ.

ನಿಜವಾದದ್ದು ಹೇಗಿರುತ್ತದೆ ಅಂತ ಮೊದಲು ಗೊತ್ತಿರಬೇಕು. ಕೆನಡಾ, ಅಮೆರಿಕದ ಪಶ್ಚಿಮ ಕರಾವಳಿಯ ಕ್ಯಾಸ್ಕೇಡಿಯಾದಲ್ಲಿ ಸಮುದ್ರದ ಫಲಕ ಖಂಡದ ಅಡಿಗೆ ನುಗ್ಗುತ್ತಿದೆ. ಅಲ್ಲಿ 1999ರಲ್ಲಿ ಏಳು ಸ್ಟೇಷನ್‌ಗಳು ಕೆಲವೇ ವಾರಗಳಲ್ಲಿ, ಒಂದರ ಹಿಂದೆ ಒಂದು, ತಾವು ಎಂದಿನಂತೆ ಹೋಗುತ್ತಿದ್ದ ದಿಕ್ಕಿಗೆ ವಿರುದ್ಧವಾಗಿ ಕೆಲವು ಮಿಲಿಮೀಟರ್ ಸರಿದವು. ಕೆನಡಾದ ಭೂವಿಜ್ಞಾನಿ ಹರ್ಬ್ ಡ್ರಾಗರ್ಟ್ ತಂಡ ಇದನ್ನು 2001ರಲ್ಲಿ ಪ್ರಕಟಿಸಿತು. ಇದು ಸುಮಾರು 14 ತಿಂಗಳಿಗೊಮ್ಮೆ ಮರುಕಳಿಸುತ್ತದೆ, ಅದೇ ಹೊತ್ತಿಗೆ ಭೂಕಂಪಮಾಪಕದಲ್ಲಿ ಸಣ್ಣ ಗುಂಯ್‌ಗುಡುವ ನಡುಕವೂ ಇರುತ್ತದೆ ಎಂಬುದು 2003ರಲ್ಲಿ ಸ್ಪಷ್ಟವಾಯಿತು. ಹಾಗಾಗಿ ಕೇಳಬೇಕಾದ ಪ್ರಶ್ನೆ ಮೂರೇ. ಅಕ್ಕಪಕ್ಕದ ಸ್ಟೇಷನ್‌ಗಳೂ ಸರಿದಿವೆಯೇ? ಅಡ್ಡಕ್ಕೆ ಸರಿದಿವೆಯೇ, ಬರೀ ಮೇಲೆ ಕೆಳಗೆಯೇ? ನಡುಕ ಇದೆಯೇ?

ನಮ್ಮಲ್ಲಿ ಅತಿ ಹೆಚ್ಚು ಮೋಸ ಮಾಡುವುದು ಅಡಿಕೆ ತೋಟ. ಉಪಗ್ರಹ ಕಳಿಸುವ ಎಲ್1 ಎಂಬ ರೇಡಿಯೊ ಅಲೆಯ ಉದ್ದ 19 ಸೆಂ.ಮೀ. ಅದರ ನೂರರಲ್ಲೊಂದು ಪಾಲು, ಅಂದರೆ ಸುಮಾರು ಎರಡು ಮಿಲಿಮೀಟರ್‌ವರೆಗೆ ರಿಸೀವರ್ ಅಳೆಯುತ್ತದೆ. ಒದ್ದೆ ಹೆಡಲು ಈ ಸಿಗ್ನಲ್ಲನ್ನು ಕುಗ್ಗಿಸುತ್ತದೆ, ಚದುರಿಸುತ್ತದೆ. ಸ್ಟೇಷನ್ ಹಾಕಿದಾಗ ಆಳೆತ್ತರವಿದ್ದ ಸಸಿ ಐದಾರು ವರ್ಷದಲ್ಲಿ ಆಂಟೆನಾದ ದಿಗಂತ ದಾಟುತ್ತದೆ. ಗ್ರಾಫ್ ಮೆಲ್ಲಗೆ ಬಾಗುತ್ತದೆ, ನಿಧಾನ ಭೂಕಂಪವೇ ಅನ್ನಿಸುವ ಹಾಗೆ. ಮರ ಬಿದ್ದ ದಿನ, ಕಡಿದ ದಿನ ಥಟ್ಟನೆ ಜಿಗಿಯುತ್ತದೆ. ಪತ್ತೆ ಮಾಡುವುದು ಸುಲಭ. ಉಪಗ್ರಹಗಳು ಆಕಾಶದ ಅದೇ ಜಾಗಕ್ಕೆ ದಿನಾ ಸುಮಾರು ನಾಲ್ಕು ನಿಮಿಷ ಮುಂಚೆ ಬರುತ್ತವೆ. ಒಂದೇ ಉಪಗ್ರಹದ ಸಿಗ್ನಲ್ ಬಲವನ್ನು ದಿನಕ್ಕೆ ನಾಲ್ಕು ನಿಮಿಷದ ಆ ವ್ಯತ್ಯಾಸ ಸರಿಪಡಿಸಿ ಒಂದರ ಮೇಲೊಂದು ಇಡಿ. ಒಂದೇ ದಿಕ್ಕಿನಲ್ಲಿ, ಒಂದೇ ಎತ್ತರದಲ್ಲಿ ಗುಂಡಿ ಬೀಳುತ್ತಿದ್ದರೆ ಅಲ್ಲಿ ಮರವಿದೆ. ಎಲಿವೇಷನ್ ಮಾಸ್ಕ್, ಅಂದರೆ ದಿಗಂತದಿಂದ ಎಷ್ಟು ಡಿಗ್ರಿಗಿಂತ ಕೆಳಗಿನ ಉಪಗ್ರಹಗಳನ್ನು ಬಿಡಬೇಕು ಎಂಬ ಮಿತಿಯನ್ನು, 10 ಡಿಗ್ರಿಯಿಂದ 15ಕ್ಕೆ, ಮತ್ತೆ 20ಕ್ಕೆ ಏರಿಸಿ ಲೆಕ್ಕ ಹಾಕಿ. ಸರಿದ ಪ್ರಮಾಣ ಮಾಸ್ಕ್ ಜೊತೆ ಬದಲಾದರೆ ನೆಲ ಸರಿದಿಲ್ಲ. ತೋಟದವರ ಹತ್ತಿರ ಮುಂಚೆಯೇ ಮಾತಾಡಿಟ್ಟುಕೊಳ್ಳುವುದು ಇದೆಲ್ಲಕ್ಕಿಂತ ಅಗ್ಗ.

ಎರಡನೆಯದು ನೀರಿನ ಭಾರ. ಲಿಂಗನಮಕ್ಕಿ ತುಂಬಿದರೆ 151 ಟಿಎಂಸಿ, ಅಂದರೆ ಸುಮಾರು 430 ಕೋಟಿ ಟನ್. ಆ ಭಾರಕ್ಕೆ ಸುತ್ತಲ ನೆಲ ಮಿಲಿಮೀಟರ್ ಲೆಕ್ಕದಲ್ಲಿ ಕುಸಿಯುತ್ತದೆ, ಹಿನ್ನೀರಿನ ಕಡೆ ಒಂದಿಷ್ಟು ವಾಲುತ್ತದೆ, ಬೇಸಿಗೆಯಲ್ಲಿ ಮತ್ತೆ ಮೇಲೇಳುತ್ತದೆ. ಇಲ್ಲಿ ಅಕ್ಕಪಕ್ಕದ ಸ್ಟೇಷನ್‌ಗಳೂ ಒಟ್ಟಿಗೆ ಅಲುಗುವುದರಿಂದ ಮೊದಲ ಪ್ರಶ್ನೆ ಕೈಕೊಡುತ್ತದೆ. ಸಾಮಾನ್ಯವಾಗಿ ವಾರ್ಷಿಕ ಮತ್ತು ಅರ್ಧವಾರ್ಷಿಕ ಸೈನ್ ಅಲೆ ಹೊಂದಿಸಿ ಇದನ್ನು ತೆಗೆಯುತ್ತಾರೆ. ಅದಕ್ಕೆ ಕನಿಷ್ಠ ಎರಡೂವರೆ ವರ್ಷದ ಡೇಟಾ ಬೇಕು. ಆದರೆ ಮಲೆನಾಡಿನ ಮಳೆ ಸೈನ್ ಅಲೆಯ ಹಾಗೆ ಏರುವುದಿಲ್ಲ. ಜೂನ್‌ನಲ್ಲಿ ಒಮ್ಮೆಗೇ ಹಿಡಿಯುತ್ತದೆ. ನಯವಾದ ಅಲೆ ಕಳೆದಾಗ ಜುಲೈ, ಆಗಸ್ಟ್‌ನಲ್ಲಿ ಕೆಲವು ವಾರದ ಗುಬುಟು ಉಳಿಯುತ್ತದೆ, ಒಂದು ವರ್ಷ ಬೇಗ, ಒಂದು ವರ್ಷ ತಡ. ಜಲಾಶಯದ ಮಟ್ಟವನ್ನು ಅದೇ ಹಾಳೆಯಲ್ಲಿ ಬಿಡಿಸಿ. ಎರಡೂ ಜೊತೆಜೊತೆಯಾಗಿ ನಡೆದರೆ ಅಲ್ಲಿಗೆ ಮುಗಿಯಿತು.

ಮಳೆಗಾಲದಲ್ಲಿ ಗಾಳಿಯ ತೇವವೊಂದೇ ಸಿಗ್ನಲ್ಲನ್ನು ನೆತ್ತಿಯ ದಿಕ್ಕಿನಲ್ಲಿ 35 ಸೆಂ.ಮೀ. ಆಸುಪಾಸಿನ ದೂರದಷ್ಟು ತಡಮಾಡುತ್ತದೆ. ಆದ್ದರಿಂದ ತೇವದ ತಡವನ್ನು ಗಂಟೆಗೋ ಎರಡು ಗಂಟೆಗೋ ಒಮ್ಮೆ, ದಿಕ್ಕಿನ ವ್ಯತ್ಯಾಸದ ಸಮೇತ ಅಂದಾಜಿಸಬೇಕು. ಎತ್ತರದ ಅಂಕಿ ಅಡ್ಡದ ಅಂಕಿಗಿಂತ ಮೂರ್ನಾಲ್ಕು ಪಟ್ಟು ಒರಟು ಎಂಬುದು ಯಾವತ್ತೂ ನೆನಪಿರಲಿ.

ಕಂಬದ ವಿಷಯ. ಜಂಬಿಟ್ಟಿಗೆಯ ಮೇಲೆ ಕಾಂಕ್ರೀಟ್ ಪಿಲ್ಲರ್ ನಿಲ್ಲಿಸಿ ಬಂಡೆ ಸಿಕ್ಕಿತು ಅಂದುಕೊಳ್ಳಬೇಡಿ. ಅದರ ಅಡಿಯ ಜೇಡಿ ಮಳೆಗೆ ಉಬ್ಬಿ ಬೇಸಿಗೆಗೆ ಇಳಿಯುತ್ತದೆ. ಇಳಿಜಾರಾದರೆ ಮಣ್ಣು ಪ್ರತಿ ವರ್ಷ ಕೆಳಕ್ಕೆ ತೆವಳುತ್ತದೆ. ಒಂದೇ ಸ್ಟೇಷನ್, ಸರಿದದ್ದು ಇಳಿಜಾರಿನ ದಿಕ್ಕಿಗೆ, ಅದೂ ಮಳೆಯ ಬೆನ್ನಿಗೆ ಎಂದಾದರೆ ಅದು ಗುಡ್ಡದ ಸುದ್ದಿ, ಧರೆ ಕುಸಿತದ ಬಗ್ಗೆ ಕೆಲಸ ಮಾಡುವವರಿಗೆ ಕಳಿಸಿ. ನೆಲದ ಮೇಲೆ ಕಾಣುವ ಗಟ್ಟಿ ಬಂಡೆಗೇ ರಂಧ್ರ ಕೊರೆದು ಸ್ಟೇನ್‌ಲೆಸ್ ಸ್ಟೀಲ್ ಸರಳನ್ನು ಎಪಾಕ್ಸಿಯಲ್ಲಿ ಕೂರಿಸುವುದೇ ಸರಿ.

ಕರೆಂಟಿನ ಲೆಕ್ಕವನ್ನೂ ಹಾಕಿ. ರಿಸೀವರ್, ಮೋಡೆಮ್ ಸೇರಿ 5 ವ್ಯಾಟ್ ಅಂದರೆ ದಿನಕ್ಕೆ 120 ವ್ಯಾಟ್‌ಅವರ್. 12 ವೋಲ್ಟಿನ 100 ಆಂಪಿಯರ್‌ಅವರ್ ಲೆಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬಹುದು, ಐದು ದಿನಕ್ಕೆ ಖಾಲಿ. ಆರಿದ್ರಾದಿಂದ ಪುಷ್ಯದವರೆಗೆ ಬಿಸಿಲು ಮುಖ ತೋರಿಸದ ಆಗುಂಬೆ ಕಡೆಗೆ ಇದು ಸಾಲದು. ಬ್ಯಾಟರಿ ಎರಡು, ಪ್ಯಾನೆಲ್ ಕನಿಷ್ಠ 200 ವ್ಯಾಟ್ ಇರಲಿ. ಪ್ಯಾನೆಲ್‌ನ ಪಾಚಿಯನ್ನು ಮೇ ಕೊನೆಗೆ ಒರೆಸಿ. ಆಂಟೆನಾ ಕೇಬಲ್ಲಿನ ಕನೆಕ್ಟರ್‌ಗೆ ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ನೀರು ಒಳಗೆ ಇಳಿದೇ ಇಳಿಯುತ್ತದೆ. ತನಗೆ ತಾನೇ ಬೆಸೆಯುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಅದರ ಮೇಲೆ ಇನ್ನೊಂದು ಸುತ್ತು ಹಾಕಿ. ಪೆಟ್ಟಿಗೆಯ ತೂತಿಗೆ ಇರುವೆ ತಡೆಯುವ ಜಾಲರಿ ಬೇಕು.

ಸುತ್ತಲಿನ ಸ್ಟೇಷನ್‌ಗಳ ಸರಾಸರಿ ಕಳೆದರೆ ಎಲ್ಲಕ್ಕೂ ಸಮಾನವಾದ ಅಲುಗಾಟ ಹೋಗಿ ಗ್ರಾಫ್ ಚೆಂದವಾಗುತ್ತದೆ ನಿಜ. ಆದರೆ ಕ್ಯಾಸ್ಕೇಡಿಯಾದಲ್ಲೋ ಜಪಾನಿನಲ್ಲೋ ಹತ್ತಿರದವುಗಳನ್ನೇ ಸರಾಸರಿಗೆ ತೆಗೆದುಕೊಂಡರೆ ನಿಜವಾದ ಸರಿತವೂ ಜೊತೆಗೇ ಅಳಿಸಿಹೋಗುತ್ತದೆ. ಜಪಾನಿಗೆ ಸುಮಾರು 1,300 ಸ್ಟೇಷನ್‌ಗಳ ಜಾಲವಿದೆ, ದೂರದವುಗಳನ್ನು ಆರಿಸಿಕೊಳ್ಳಬಹುದು. ನಮಗೆ ಅಷ್ಟು ಪುರುಸೊತ್ತಿನ ಆಯ್ಕೆ ಇಲ್ಲ.

ಆಂಟೆನಾ ಬದಲಿಸುವುದಿದ್ದರೆ ಫೆಬ್ರವರಿಯಲ್ಲಿ ಬದಲಿಸಿ. ಮಳೆಗಾಲದಲ್ಲಿ ಬದಲಿಸಿದರೆ ಆ ಜಿಗಿತ ಯಾವುದು, ನೀರಿನ ಭಾರದ ಇಳಿತ ಯಾವುದು ಎಂದು ಬೇರ್ಪಡಿಸಲಾಗುವುದಿಲ್ಲ. ಆಂಟೆನಾದ ಮೇಲಿನ ಉತ್ತರ ದಿಕ್ಕಿನ ಗುರುತು ನಿಜ ಉತ್ತರಕ್ಕಿರಲಿ. ಆಂಟೆನಾ ಎತ್ತರವನ್ನು ಮೂರು ಕಡೆಯಿಂದ ಅಳೆದು ಬರೆಯಿರಿ. ಫೈಲಿನ ತಲೆಬರಹದಲ್ಲಿ ಮಾದರಿಯ ಹೆಸರು, ರೇಡೋಮ್ (ಆಂಟೆನಾದ ಮುಚ್ಚಳ) ಕೋಡ್ ತಪ್ಪಿದರೆ ಎತ್ತರ ಸೆಂಟಿಮೀಟರ್ ಲೆಕ್ಕದಲ್ಲೇ ಕೆಡಬಹುದು. ಸಮಯ ಬರೆಯುವಾಗ ಯುಟಿಸಿ, ಅಂದರೆ ಜಾಗತಿಕ ಸಮಯ ಬರೆಯಿರಿ. ಡೇಟಾದ ದಿನ ಶುರುವಾಗುವುದು ನಮ್ಮ ಬೆಳಗಿನ ಐದೂವರೆಗೆ, ಆದ್ದರಿಂದ ಹನ್ನೊಂದು ಗಂಟೆಗೆ ಆಂಟೆನಾ ಬಿಚ್ಚಿದ್ದರೆ ಆ ಇಡೀ ದಿನದ ಫೈಲನ್ನು ಲೆಕ್ಕದಿಂದ ಕೈಬಿಡಿ.